ಎದುರಾಳಿಯ ಮಾತು ಮೊದಲು

ನಮ್ಮ ಅತ್ತಿಗೆಯ ಜೊತೆ ಜಗಳವಾಡುವುದು ಬಲು ಕಷ್ಟ. ಜಗಳಕ್ಕೆ ನಿಂತವರಿಗೆ ಎದುರಿನವರೂ ಕೂಗಾಡಿದರೇ ಹುರುಪು. ಅವಳು ಕೂಗಾಡುವುದಿಲ್ಲ, ಕೇಳಿಸಿಕೊಳ್ಳುತ್ತಾಳೆ. ಒಮ್ಮೆ ಅಣ್ಣ ಉಪ್ಪು ಜಾಸ್ತಿಯಾಗಿದೆಯೆಂದು ಮುಖ ಸಿಂಡರಿಸಿಕೊಂಡು ತಟ್ಟೆ ಪಕ್ಕಕ್ಕೆ ಸರಿಸಿದ. ಅವಳು ಚಮಚ ಕೆಳಗಿಟ್ಟು, "ಉಪ್ಪು ಹೆಚ್ಚಾಗಿದೆ, ನಿನ್ನೆನೂ ಹೆಚ್ಚಾಗಿತ್ತು, ಎಷ್ಟ್ ಹೇಳಿದ್ರೂ ನಾನು ಕಿವಿಗೆ ಹಾಕ್ಕೊಳಲ್ಲ, ನಾಳೆ ನಿಮಗೆ ಬಿ.ಪಿ. ಬಂದ್ರೆ ನಾನೇ ಕಾರಣ. ಅಷ್ಟೇ ತಾನೆ?" ಎಂದಳು. ಅಣ್ಣ ಗತ್ತಿನಿಂದ ಹೌದೆಂದ. "ಸರಿ. ಇವತ್ತು ಅಡುಗೆ ಮಾಡಿದ್ದು ನೀವು," ಎಂದಳು.

ಅಣ್ಣನ ಹೆಂಡತಿಯೆಂದು ಅತ್ತಿಗೆ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಅವಳು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಾಳೆ. ಅವಳ ನಾದಿನಿ ನಾನು ಅದೇ ಶಾಲೆಯ ಲೈಬ್ರರಿ ನೋಡಿಕೊಳ್ಳುತ್ತೇನೆ. ಆಮ್ಲ ತಾಗಿ ಹಳದಿಯಾದ ಬೆರಳುಗಳನ್ನು ಸೆರಗಿಗೆ ಒರೆಸುತ್ತಾ ಅವಳು ಕಾರಿಡಾರಿನಲ್ಲಿ ಬಂದರೆ ಮಕ್ಕಳು "ಅಷ್ಟೇತಾನೆ ಮೇಡಂ ಬಂದ್ರು" ಎಂದು ದಾರಿ ಬಿಡುತ್ತಾರೆ. ಅವಳಿಗೂ ಆ ಹೆಸರು ಗೊತ್ತು. ಸಿಟ್ಟಿಲ್ಲ, ಒಳಗೊಳಗೇ ಜಂಬ ಕೂಡ.

ಶುಕ್ರವಾರ ಕೊನೆಯ ಪೀರಿಯಡ್ ಸಂಘಗಳಿಗೆ ಮೀಸಲು. ನಾಟಕದವರಿಗೆ ಸಭಾಂಗಣ, ಚೆಸ್ಸಿನವರಿಗೆ ಮೆಟ್ಟಿಲ ಕೆಳಗಿನ ಜಾಗ. ಬ್ಯಾಂಡಿನವರನ್ನು ಯಾರೂ ಒಳಗೆ ಸೇರಿಸದ ಕಾರಣ ಅವರಿಗೆ ಸೈಕಲ್ ಸ್ಟ್ಯಾಂಡು. ಅತ್ತಿಗೆಯ ಚರ್ಚಾ ಸಂಘ ಮಾತ್ರ ಬಂದು ವಕ್ಕರಿಸಿದ್ದು ನನ್ನ ಲೈಬ್ರರಿಗೆ! ಗೋಡೆಯ ಮೇಲೆ "ಮೌನ" ಎಂದು ದಪ್ಪಕ್ಷರದಲ್ಲಿ ಬರೆದಿದೆ, ಅದರ ಕೆಳಗೇ ಇವರ ವಾಗ್ಯುದ್ಧ. ಬೆಂಚು ಎಳೆದು ನೆಲವೆಲ್ಲ ಗೀರು. ನಾನು ತಲೆ ಚಚ್ಚಿಕೊಂಡದ್ದಕ್ಕೆ ಲೆಕ್ಕವಿಲ್ಲ. ಹಾಗಂತ ಬೀಗ ಹಾಕಿ ಮನೆಗೂ ಹೋಗುತ್ತಿರಲಿಲ್ಲ, ಕಪಾಟಿನ ಹಿಂದೆ ಪುಸ್ತಕಗಳಿಗೆ ಅಂಟು ಹಚ್ಚುತ್ತಾ ಎಲ್ಲವನ್ನೂ ಕೇಳುತ್ತಿದ್ದೆ.

ಆ ಸಂಘದಲ್ಲಿ ಒಂದು ಕಟ್ಟಳೆ ಇತ್ತು. ಉತ್ತರ ಕೊಡಲು ಎದ್ದವರು ಮೊದಲು ಎದುರಾಳಿಯ ವಾದವನ್ನು ತಾವೇ ಹೇಳಬೇಕು. ಅದೂ ಕಾಟಾಚಾರಕ್ಕಲ್ಲ. ಎದುರಾಳಿ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿ, "ಅಷ್ಟೇ ತಾನೆ?" ಎಂದು ಕೇಳಬೇಕು. ಅವನು "ಹೌದು" ಎನ್ನುವವರೆಗೆ ತಮ್ಮ ಮಾತು ಎತ್ತುವಂತಿಲ್ಲ. ಕೇಳಲು ಚೆಂದವೇ. ಆದರೆ ಬೇರೆ ಶಾಲೆಗಳಿಗೆ ಸ್ಪರ್ಧೆಗೆ ಹೋದಾಗ ನಮ್ಮ ಮಕ್ಕಳು ಎದುರಾಳಿಯ ವಾದವನ್ನೇ ಸೊಗಸಾಗಿ ಹೇಳುತ್ತಾ ನಿಂತಿರುವಾಗ ಗಂಟೆ ಹೊಡೆದುಬಿಡುತ್ತಿತ್ತು. ನಾಟಕದವರು, ಬ್ಯಾಂಡಿನವರು ಕಪ್ಪು ತಂದರು. ಇವರು ಪ್ರತಿಸಲ ಬರಿಗೈ ಬೀಸಿಕೊಂಡು ಬಂದರು.

"ಗೆಲ್ಲೋದು ಬೇಡ್ವೇನೇ ನಿಂಗೆ?" ಎಂದು ನಾನು ರೇಗಿದರೆ, "ಗೆಲ್ಲೋದು ಯಾರ್ ಬೇಕಾದ್ರೂ ಕಲಿಸ್ತಾರೆ ಬಿಡು," ಎಂದು ಚಹಾ ಸೋಸುತ್ತಿದ್ದಳು. ಇಂಥವಳಿಗೆ ಏನು ಹೇಳುವುದು!

ಕಪ್ಪಿಲ್ಲದ ಸಂಘದ ಮೇಲೆ ಹೆಡ್‌ಮಾಸ್ತರರ ಕಣ್ಣು ಬಿತ್ತು. ಆ ವರ್ಷ ಗಣಿತದಲ್ಲಿ ಫಲಿತಾಂಶ ನೆಲ ಕಚ್ಚಿತ್ತು. ಪಾಲಕರ ಸಮಿತಿಯಲ್ಲಿ ಒಬ್ಬರು ಚರ್ಚಾ ಸಂಘ ಮುಚ್ಚಿ ಆ ಹೊತ್ತಿನಲ್ಲಿ ಗಣಿತ ಹೇಳಿಕೊಡಿ ಎಂದು ಪಟ್ಟು ಹಿಡಿದರು. ಅವರು ಬಸ್ ಡ್ರೈವರ್. ಸಂಘದ ನಾಯಕಿಯ ಅಪ್ಪನೇ ಅವರು ಎಂಬುದು ತಮಾಷೆ. ಆ ಹುಡುಗಿಯನ್ನು ಎಲ್ಲರೂ ಗುಂಡುಸೂಜಿ ಎನ್ನುತ್ತಿದ್ದರು, ಅಷ್ಟು ಸಣಕಲಿ, ಅಷ್ಟೇ ಚೂಪು. ಇದೇ ಸಂಘದ ವಿಷಯಕ್ಕೆ ಅವಳು ಅಪ್ಪನ ಜೊತೆ ಮಾತು ಬಿಟ್ಟುಬಿಟ್ಟಿದ್ದಳು.

ಪಾಲಕರ ಸಭೆಯಲ್ಲಿ ಕೈ ಎತ್ತಿಸಿ ತೀರ್ಮಾನಿಸುವುದೆಂದಾಯಿತು. ಸಂಘದ ಪರವಾಗಿ ಒಬ್ಬರು ಐದು ನಿಮಿಷ ಮಾತಾಡಬಹುದು. ನಾನು ಅತ್ತಿಗೆಗೆ ಬಡಕೊಂಡೆ: "ನೀನೇ ಮಾತಾಡೇ. ಆ ಮಗು ಎಡವಟ್ಟು ಮಾಡುತ್ತೆ."

"ಸಂಘ ಅವ್ರದು, ಅವ್ರೇ ಮಾತಾಡ್ಲಿ," ಎಂದಳು. ಎಂದವಳು ಸಭೆಯ ದಿನ ಬೆಳಿಗ್ಗೆ ಚಹಾಕ್ಕೆ ಸಕ್ಕರೆ ಹಾಕಲು ಮರೆತಳು. ಅಣ್ಣ ತುಟಿಪಿಟಕ್ಕೆನ್ನದೆ ಕುಡಿದ.

ಸಭಾಂಗಣ ಕಿಕ್ಕಿರಿದಿತ್ತು. ಡ್ರೈವರ್ ಖಾಕಿ ಬಟ್ಟೆಯಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದರು, ಸಭೆ ಮುಗಿಸಿ ಡ್ಯೂಟಿಗೆ ಹೋಗಬೇಕಿತ್ತು. ಅವರು ಎದ್ದು ಚುಟುಕಾಗಿ, "ಮಾತಿಂದ ಹೊಟ್ಟೆ ತುಂಬಲ್ಲ. ಗಣಿತ ಹೇಳ್ಕೊಡಿ," ಎಂದು ಕೂತರು. ಗುಂಡುಸೂಜಿ ವೇದಿಕೆ ಹತ್ತಿದಳು.

"ಮೊದಲು ನಮ್ಮಪ್ಪ ಹೇಳಿದ್ದನ್ನ ಹೇಳ್ತೀನಿ," ಎಂದು ಶುರು ಮಾಡಿದಳು.

ಅಯ್ಯೋ ನನ್ನ ಕರ್ಮವೇ! ಅಲ್ಲ, ಇರುವುದೇ ಐದು ನಿಮಿಷ, ಅದರಲ್ಲೂ ಕಟ್ಟಳೆಯೇ?

"ನಮ್ಮಪ್ಪ ಹತ್ತನೇ ಕ್ಲಾಸಲ್ಲಿ ಶಾಲೆ ತಂಡದ ಗೋಲ್‌ಕೀಪರ್ ಆಗಿದ್ರು. ಎಲ್ಲಾರೂ ಚಪ್ಪಾಳೆ ತಟ್ಟಿದ್ರಂತೆ. ಗಣಿತದಲ್ಲಿ ಫೇಲಾದಾಗ ಚಪ್ಪಾಳೆ ತಟ್ಟಿದವರು ಯಾರೂ ಮನೆ ಕಡೆ ಬರ್ಲಿಲ್ಲ. ಬಸ್ಸಿನ ಕ್ಲಚ್ ಒತ್ತಿ ಒತ್ತಿ ಈಗ ಅವರ ಎಡಮೊಣಕಾಲು ಮಡಚಕ್ಕೆ ಆಗಲ್ಲ. ನಾನು ಚೆನ್ನಾಗಿ ಮಾತಾಡ್ತೀನಿ ಅಂತ ಅವ್ರಿಗೆ ಗೊತ್ತು. ಅದಕ್ಕೇ ಭಯ. ಚಪ್ಪಾಳೆ ಸಿಕ್ಕಿದ ಮಕ್ಳು ಓದು ಮರೀತಾರೆ ಅಂತ. ಇವಳು ಆಫೀಸಲ್ಲಿ ಕೂತ್ಕೊಂಡು ಮಾಡೋ ಕೆಲಸಕ್ಕೆ ಸೇರ್ಲಿ, ನನ್ನ ಮೊಣಕಾಲು ಇವಳಿಗೆ ಬರೋದು ಬೇಡ ಅಂತ..."

ಒಂದೊಂದಾಗಿ ಎಲ್ಲವನ್ನೂ ಹೇಳಿದಳು. ಪಾಲಕರು ಹೌದು ಹೌದು ಎಂದು ತಲೆದೂಗಿದರು. ಹಿಂದಿನ ಸಾಲಿನ ಒಬ್ಬಾಕೆ ಮೂಗು ಒರೆಸಿಕೊಂಡಳು. ಕೊನೆಗೆ ಅಪ್ಪನ ಕಡೆ ತಿರುಗಿ, "ಅಷ್ಟೇ ತಾನೆ, ಅಪ್ಪಾ?" ಎಂದಳು. ಅಪ್ಪ ಬಾಯಿ ತೆರೆಯುವುದಕ್ಕೂ ಹೆಡ್‌ಮಾಸ್ತರರು ಗಂಟೆ ಬಾರಿಸುವುದಕ್ಕೂ ಸರಿಹೋಯಿತು.

ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಯಾವುದಕ್ಕೆ ಚಪ್ಪಾಳೆ? ಸಂಘ ಮುಚ್ಚುವುದಕ್ಕೆ! ಸಂಘದ ಪರವಾಗಿ ಹುಡುಗಿ ಒಂದಕ್ಷರ ಆಡಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಪಕ್ಕದಲ್ಲಿದ್ದ ಅತ್ತಿಗೆಗೆ, "ತೃಪ್ತಿಯಾಯ್ತಾ?" ಎಂದೆ.

ಅವಳ ಮುಖ ಬಿಳುಚಿಕೊಂಡಿತ್ತು. ಆದರೂ, "ಎಷ್ಟ್ ಚೆನ್ನಾಗಿ ಹೇಳಿದ್ಳು ನೋಡು," ಎಂದಳು.

"ಮುಚ್ಚಬೇಕು ಅನ್ನೋರು ಕೈ ಎತ್ತಿ," ಎಂದರು ಹೆಡ್‌ಮಾಸ್ತರರು. ಕೈಗಳು ಏಳತೊಡಗಿದವು. ಡ್ರೈವರ್ ಕೈ ಎತ್ತಲಿಲ್ಲ, ಕುರ್ಚಿ ಹಿಡಿದುಕೊಂಡು ಮೆಲ್ಲಗೆ ತಾವೇ ಎದ್ದರು.

"ಒಂದ್ನಿಮಿಷ ಸಾರ್. ಊಟಕ್ಕೆ ಕೂತಾಗೆಲ್ಲ ನಾನು ಇದನ್ನೇ ಹೇಳ್ತಿರ್ತೀನಿ. ಇವಳು ಆ ಕಡೆ ಮುಖ ಮಾಡ್ಕೊಂಡು ಊಟ ಮಾಡಿ ಎದ್ದು ಹೋಗ್ತಾಳೆ. ಗೋಡೆಗೆ ಹೇಳ್ದಂಗೆ ಅಂದ್ಕೊಂಡಿದ್ದೆ." ಅವರು ಮಗಳ ಕಡೆ ಕೈ ತೋರಿಸಿದರು. "ಒಂದು ಮಾತೂ ಬಿಟ್ಟಿಲ್ಲ ಸಾರ್ ಇವಳು. ಮೊಣಕಾಲಿನ ಮಾತು ನಾನು ಇವಳ ಹತ್ರ ಆಡೇ ಇಲ್ಲ. ಇವಳಮ್ಮನ ಹತ್ರ ಮೆಲ್ಲಗೆ ಹೇಳಿದ್ದು."

ಎತ್ತಿದ ಕೈಗಳು ಅರ್ಧಕ್ಕೆ ನಿಂತವು.

"ನಾನಿನ್ನೂ ಒಪ್ಪಿಲ್ಲ, ತಿಳ್ಕೊಳಿ," ಎಂದು ಅವರು ಗಡುಸಾದರು. "ಆದ್ರೆ ಇವಳು ಕಲ್ತಿರೋದು ಇಂಥದ್ದು ಅಂತ ನಂಗೊತ್ತಿರ್ಲಿಲ್ಲ. ಗಣಿತ ಬೇರೆ ಹೊತ್ತಲ್ಲಿ ಇಟ್ಕೊಳಿ. ಸಂಘ ಮುಚ್ಚಬೇಡಿ."

ಒಂದೊಂದೇ ಕೈ ಇಳಿಯಿತು. ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿ, ಗಣಿತವನ್ನು ಬೆಳಿಗ್ಗೆಗೆ ಹಾಕಿಸಿದರು. ಅತ್ತಿಗೆ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಇವಳ ಹಟಮಾರಿತನದ ಮೇಲೆ ನನಗೆ ಅವತ್ತು ಎಷ್ಟು ಹೆಮ್ಮೆಯಾಯಿತೆಂದರೆ, ಅವಳ ಬೆನ್ನಿಗೊಂದು ಗುದ್ದಿದೆ.

ಹೊರಗೆ ಬಂದಾಗ ಅಪ್ಪ ಮಗಳು ಮೆಟ್ಟಿಲ ಮೇಲೆ ಕೂತಿದ್ದರು. ಅವಳು ಕೈ ಬೀಸಿ ಬೀಸಿ ತನ್ನ ಪಾಲಿನ ವಾದ ಹೇಳುತ್ತಿದ್ದಳು. ಅವರು ಎಡಗಾಲು ನೀಡಿಕೊಂಡು, ತಲೆ ತಗ್ಗಿಸಿ ಕೇಳುತ್ತಿದ್ದರು. ಗೇಟಿನ ಹತ್ತಿರ ಕಂಡಕ್ಟರ್ ಬಂದು, "ಬಸ್ ಹೊರಡೋ ಹೊತ್ತಾಯ್ತು, ಬಾರಯ್ಯ!" ಎಂದು ಕೂಗಿದ.

"ನಿಲ್ಲಯ್ಯ, ಮಗಳು ಮಾತಾಡ್ತಿದಾಳೆ," ಎಂದರು ಡ್ರೈವರ್.