ಬೆಳಿಗ್ಗೆ ನನ್ನ ಜೊತೆ, ಸಂಜೆ ಜಿಮ್‌ನಲ್ಲಿ

ಅಪ್ಪನ ಬಲ ಅಂಗೈಯಲ್ಲಿ, ಉಂಗುರ ಬೆರಳಿನ ಬುಡಕ್ಕೆ, ಕಡಲೆಕಾಳಿನಷ್ಟು ಜಾಗ ಗಟ್ಟಿಯಾಗಿತ್ತು. ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ಹಳದಿ. ವಿಡಿಯೋ ಕಾಲ್ ಮುಗಿಸಲು ಅವರು ಫೋನಿನತ್ತ ಕೈ ಚಾಚುತ್ತಾರೆ. ದಿನವೂ ನನಗೆ ಕೊನೆಯಲ್ಲಿ ಕಾಣುವುದು ಅವರ ಅಂಗೈಯೇ. ಅದು ಬ್ಯಾಂಕಿನಲ್ಲಿ ಕಾಗದ ತಿರುವಿಕೊಂಡು ಬಂದ ಮೆತ್ತನೆಯ ಕೈ. ನಾವಿಬ್ಬರೂ ಮಾಡುತ್ತಿದ್ದ ವ್ಯಾಯಾಮದಲ್ಲಿ ಕೈಯಿಂದ ಏನನ್ನೂ ಹಿಡಿಯುವುದಿರಲಿಲ್ಲ.

ಆ ವ್ಯಾಯಾಮವನ್ನು ಜೋಡಿಸಿದವಳು ನಾನು. ಅಪ್ಪನಿಗೆ ಸಕ್ಕರೆ ಕಾಯಿಲೆ ಎಂದು ತಿಳಿದಾಗ ನಾವೆಲ್ಲ ನಾಶಿಕದಲ್ಲೇ ಇದ್ದೆವು. ಬಾಗಲಕೋಟೆ ಕಡೆಯಿಂದ ವರ್ಗವಾಗಿ ಬಂದ ಅವರು ಊರಿನ ಅಂಗಳ, ಕಟ್ಟೆ ಎಲ್ಲ ಬಿಟ್ಟು ಮೂರನೇ ಮಹಡಿಯ ಎರಡು ಕೋಣೆಗೆ ಹೊಂದಿಕೊಂಡಿದ್ದರು. ನಾನು ಒಳಗಿನ ಕೋಣೆಯಲ್ಲಿ ಎರಡು ಚಾಪೆ ಹಾಸಿದೆ. ಬಾಗಿಲು ಮುಚ್ಚಿ, ಕೂತು ಏಳುವ ಬೈಠಕ್, ಗೋಡೆಗೆ ಕೈಕೊಟ್ಟು ಎದೆ ಒತ್ತುವುದು, ಮಲಗಿ ಕಾಲೆತ್ತುವುದು. ಎಣಿಕೆ ಅಪ್ಪನದು, ಅದೂ ಕನ್ನಡದಲ್ಲಿ. ದಿನವಿಡೀ ಕೌಂಟರಿನಲ್ಲಿ ಮರಾಠಿ, ಹಿಂದಿ ಆಡುವ ಮನುಷ್ಯ, ಇದೊಂದರಲ್ಲಿ ಮಾತ್ರ ಹಟ ಹಿಡಿದಿದ್ದರು. ಹತ್ತಕ್ಕೆ ನಿಲ್ಲುವುದು ನನ್ನ ನಿಯಮ. ಆಮೇಲೆ ಅವರಿಗೆ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಯಿತು. ಅವ್ವ, ತಂಗಿ ಅವರ ಜೊತೆ ಹೋದರು. ನನಗೆ ಪಿಂಪಳಗಾಂವ್ ಬಸವಂತದ ಹತ್ತಿರ ದ್ರಾಕ್ಷಿ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತ್ತು, ನಾನು ಉಳಿದೆ. ಮನೆಯ ಉಳಿದ ವಿಷಯಗಳೆಲ್ಲ ನಿಧಾನಕ್ಕೆ ಅವರ ಮೂವರದಾದವು. ಬೆಳಗಿನ ಆ ಅರ್ಧ ಗಂಟೆ ಮಾತ್ರ ನನ್ನದಾಗಿ ಉಳಿಯಿತು, ಫೋನಿನಲ್ಲಿ.

ಜಿಮ್ ಎಂದರೆ ನನಗೆ ಆಗುವುದಿಲ್ಲ. ಗೆಳತಿಯೊಬ್ಬಳ ಒತ್ತಾಯಕ್ಕೆ ನಾಶಿಕದಲ್ಲಿ ಒಮ್ಮೆ ಹೋಗಿದ್ದೆ. ನಾಲ್ಕೂ ಗೋಡೆಗೆ ಕನ್ನಡಿ. ಎಲ್ಲಿ ತಿರುಗಿದರೂ ನನ್ನನ್ನು ನಾನೇ ನೋಡಬೇಕು, ಬೇರೆಯವರು ನೋಡುವುದನ್ನೂ ನೋಡಬೇಕು. ಬೆವರುವುದು ಖಾಸಗಿ ಕೆಲಸ ಎಂದು ನನ್ನ ಭಾವನೆ. ಇದನ್ನು ಅಪ್ಪನಿಗೆ ಹೇಳಿದ್ದೆ. "ಖರೇ ಐತಿ ಬಿಡವಾ, ಅದೆಲ್ಲಾ ಮಂದಿಗೆ ತೋರ್ಸಾಕ," ಎಂದಿದ್ದರು.

ಅಂಗೈಯ ಗಟ್ಟಿ ಜಾಗ ಕಂಡ ಮೇಲೆ ಒಂದು ವಾರವೂ ಆಗಿರಲಿಲ್ಲ. ಬೈಠಕ್ ನಡೆದಿತ್ತು. ಅಪ್ಪ ಹತ್ತು ಎಂದರು, ನಾನು ನಿಂತೆ, ಅವರು ನಿಲ್ಲಲಿಲ್ಲ. "ಅಜೂನ್ ದೋನ್," ಎನ್ನುತ್ತ ಇನ್ನೆರಡು ಸಲ ಕೂತು ಎದ್ದರು.

"ಇನ್ನೆರಡು ಅಂತ ಯಾರು ಕಲಿಸಿದ್ರು ಅಪ್ಪಾ? ಅದೂ ಮರಾಠಿಯಾಗ?"

"ಯಾರು ಕಲಸ್ತಾರ? ಆಫೀಸಿನ್ಯಾಗ ಬರೇ ಮರಾಠಿನ ಅಲ್ಲೇನ. ಬಾಯಿಗೆ ಬಂತು."

ಅಂಗೈ ಫೋನಿನತ್ತ ಬಂತು, ಕಾಲ್ ಮುಗಿಯಿತು.

ಆ ಶುಕ್ರವಾರ ರಜೆ ಹಾಕಿ, ಹೇಳದೆ ರೈಲು ಹತ್ತಿದೆ. ಮನ್ಮಾಡಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ತಂಗಿ ಇತ್ತೀಚೆಗೆ ಜಿಮ್‌ಗೆ ಹೋಗುತ್ತಿದ್ದಾಳೆ ಎಂಬುದು ನನಗೆ ಗೊತ್ತಿತ್ತು. ಅದಕ್ಕೆ ಮೀರಿದ್ದನ್ನು ಯೋಚಿಸಬಾರದು ಎಂದುಕೊಂಡು ಅದನ್ನೇ ಯೋಚಿಸಿದೆ.

ಸಂಜೆ ಬಾಗಿಲು ತೆಗೆದ ಅವ್ವ ನನ್ನ ಹಿಂದೆ ಇನ್ನಾರಾದರೂ ಇದ್ದಾರೇನೋ ಎಂಬಂತೆ ನೋಡಿದಳು.

"ಅಪ್ಪ ಎಲ್ಲಿ?"

"ಅಲ್ಲೇ, ಜಿಮ್ಮಿಗೆ ಹೋಗ್ಯಾರ ಇಬ್ರೂ. ಚಹಾ ಕುಡದು ಕೂಡು, ಬರ್ತಾರ."

ಅವಳ ಮಾತಿನಲ್ಲಿ ಮುಚ್ಚಿಡುವಂಥದ್ದೇನೂ ಇರಲಿಲ್ಲ. ಮುಚ್ಚಿಟ್ಟಿದ್ದು ನನ್ನೊಬ್ಬಳಿಂದ ಎಂಬುದು ಇನ್ನಷ್ಟು ಚುಚ್ಚಿತು. ಚಹಾ ಬಿಟ್ಟು, ಅವ್ವನಿಂದ ದಾರಿ ಕೇಳಿಕೊಂಡು ಹೊರಟೆ.

ಜಿಮ್ ಎರಡೇ ಬೀದಿ ಆಚೆ, ಔಷಧಿ ಅಂಗಡಿಯ ಮೇಲೆ. ಗಾಜಿನ ಬಾಗಿಲಲ್ಲಿ ನಿಂತೆ. ಅಪ್ಪ ನನಗೆ ಬೆನ್ನು ಮಾಡಿ ಕೂತು, ಮೇಲಿನಿಂದ ಇಳಿಬಿದ್ದ ಕಬ್ಬಿಣದ ಸಲಾಕೆಯನ್ನು ಎರಡೂ ಕೈಯಿಂದ ಎದೆಗೆ ಎಳೆದುಕೊಳ್ಳುತ್ತಿದ್ದರು. ಕಲಿಸುವ ಹುಡುಗಿ ದೂರದಿಂದಲೇ, "ಕಾಕಾ, ಪಾಠ್ ಸರಳ್," ಎಂದಳು, ಬೆನ್ನು ನೇರ ಎಂದು. ತಂಗಿ ಹಿಂದೆ ನಿಂತು ಅಪ್ಪನ ಬೆನ್ನಿಗೆ ಅಂಗೈ ಒತ್ತಿ ನೆಟ್ಟಗೆ ಮಾಡಿದಳು. "ನಊ, ದಹಾ, ಅಜೂನ್ ದೋನ್, ಅಪ್ಪಾ, ಸೋಡಾಯಚಂ ನಾಹೀ." ಎಣಿಸುತ್ತಿದ್ದವಳೂ ತಂಗಿಯೇ. ಹತ್ತಾದ ಮೇಲೂ ಬಿಡಬಾರದಂತೆ. ಅಪ್ಪ ಬಿಡಲಿಲ್ಲ. ಮುಗಿದ ಮೇಲೆ ಕನ್ನಡಿಯಲ್ಲಿ ತಮ್ಮ ತೋಳು ನೋಡಿಕೊಂಡು ನಕ್ಕರು. ನಾನು ಕಲಿಸಿದ ವ್ಯಾಯಾಮ ಮಾಡುತ್ತ ಅವರು ಒಮ್ಮೆಯೂ ನಕ್ಕಿರಲಿಲ್ಲ. ಅಪ್ಪನ ಬೆನ್ನು ಬಾಗಿದ್ದನ್ನು ನಾನೂ ಕಂಡಿದ್ದೆ, ಫೋನಿನಲ್ಲಿ ಎಷ್ಟೋ ಸಲ ಹೇಳಿಯೂ ಇದ್ದೆ. ಹೇಳುವುದಕ್ಕೂ ಕೈಯಿಟ್ಟು ಸರಿಪಡಿಸುವುದಕ್ಕೂ ಇರುವ ಅಂತರ ಆ ಹೊತ್ತು ನನ್ನ ಹೊಟ್ಟೆ ಉರಿಸಿತು. ತಂಗಿಗೆ ಕನ್ನಡಿಗಳ ಪರಿವೆಯೇ ಇರಲಿಲ್ಲ. ಅದಕ್ಕೂ ಉರಿಯಿತು.

ಕನ್ನಡಿಯಲ್ಲಿ ನನ್ನನ್ನು ಮೊದಲು ಕಂಡವಳು ಅವಳೇ. "ಅಗಂ ಅಕ್ಕಾ, ಯಾವಾಗ ಬಂದಿ? ನೋಡ್ ನೋಡ್, ಅಪ್ಪಾ ಕಿತೀ ಛಾನ್, ಎಷ್ಟ್ ಚಂದ ಮಾಡ್ತಾರ."

"ನೋಡಿದೆ," ಎಂದೆ.

ಅಪ್ಪ ಟವೆಲ್‌ನಿಂದ ಮುಖ ಒರೆಸಿಕೊಳ್ಳುವುದಕ್ಕೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು.

ಊಟಕ್ಕೆ ಕೂತಾಗ ಕೇಳಿದೆ. "ಜಿಮ್ಮಿಗೆ ಹೋಗೂದಿದ್ರ ಮುಂಜಾನೆ ನನ್ನ ಜೋಡಿ ಯಾಕ ಮಾಡ್ತೀರಿ? ದಿನಾ ಎರಡು ಸಲ ಯಾರು ಹೇಳ್ಯಾರ ನಿಮಗ?"

"ಎರಡು ಸಲ ಮಾಡಿ ರಾತ್ರಿ ಮೊಣಕಾಲಿಗೆ ಎಣ್ಣಿ ನಾ ಹಚ್ಚೂದು," ಎಂದಳು ಅವ್ವ. "ಹಗಲೆಲ್ಲಾ ಹುಡುಗನ ಗತೆ ಕುಣೀತಾರ, ಆಮ್ಯಾಲ ನರಳ್ತಾರ."

ತಂಗಿ ನಕ್ಕಳು. ಅಪ್ಪ ರೊಟ್ಟಿ ಮುರಿಯುತ್ತಲೇ ಹೇಳಿದರು: "ನೀ ಅಲ್ಲಿ ಒಬ್ಬಾಕೀನ ಇರ್ತಿ. ಮುಂಜಾನಿ ಎದ್ದು ಯಾರ ಮಾರಿ ನೋಡ್ತಿ ನೀ? ಜಿಮ್ಮಿಗೆ ಹೊಂಟೇನಿ ಅಂದಿದ್ರ ಫೋನ್ ಮಾಡೂದು ಬಿಟ್ಟಬಿಡ್ತಿದ್ದಿ. ನನಗ ಗೊತ್ತಿಲ್ಲೇನು ನಿನ್ನ ಸ್ವಭಾವ?"

ಅವರ ಸಕ್ಕರೆಗಾಗಿ ನಾನು ದಿನವೂ ಬೇಗ ಏಳುತ್ತಿದ್ದೆ. ಅವರು ಎದ್ದದ್ದು ನಾನು ಒಂಟಿ ಎಂದು. ವ್ಯಾಯಾಮ ಮಾಡಿಸುತ್ತಿದ್ದೇನೆ ಎಂದುಕೊಂಡಿದ್ದವಳಿಗೆ ವ್ಯಾಯಾಮ ಮಾಡಿಸುತ್ತಿದ್ದವರು ಅವರು. ಇದು ತಿಳಿದ ಮೇಲೆ ಮನಸ್ಸು ಹಗುರಾಗಬೇಕಿತ್ತು, ಕಡೇಪಕ್ಷ ಹೊಟ್ಟೆಕಿಚ್ಚಾದರೂ ಕಡಿಮೆಯಾಗಬೇಕಿತ್ತು. ಆಗಲಿಲ್ಲ. ತಂಗಿಯ ಜೊತೆ ಅವರು ಹೋಗುವುದು ತಮ್ಮ ಖುಷಿಗೆ, ನನ್ನ ಜೊತೆ ಮಾಡುವುದು ನನ್ನ ಮೇಲಿನ ಮರುಕಕ್ಕೆ ಎಂದೇ ನಾನು ಅದನ್ನು ಬಿಡಿಸಿಟ್ಟುಕೊಂಡೆ. ಮರುಕಕ್ಕೆ ಮೊಣಕಾಲು ನೋಯಿಸಿಕೊಂಡರಲ್ಲ ಎಂಬುದು ಹೊಳೆದರೂ, ನನಗೆ ಬೇಕಾಗಿದ್ದು ಆ ಕನ್ನಡಿಯಲ್ಲಿನ ನಗು.

"ನಾಳೆ ಎರಡನೇ ಶನಿವಾರ, ಬ್ಯಾಂಕಿಲ್ಲ. ಮುಂಜಾನೇನ ಹೋಗೋಣ," ಎಂದರು ಅಪ್ಪ, ತಂಗಿಯತ್ತ ತಿರುಗಿ. ಅವಳು ತಲೆಯಾಡಿಸಿದಳು.

ಮರುದಿನ ನಾನು ಎಲ್ಲರಿಗಿಂತ ಮೊದಲು ಎದ್ದೆ. ಪಕ್ಕದಲ್ಲಿ ತಂಗಿ ಬಾಯಿ ಸ್ವಲ್ಪ ತೆರೆದು ಮಲಗಿದ್ದಳು. ಅವಳನ್ನು ಎಬ್ಬಿಸಲಿಲ್ಲ. ಅವಳ ಬೂಟು ನನಗೂ ಸರಿಹೋಗುತ್ತದೆ, ಹಾಕಿಕೊಂಡೆ. ಅಪ್ಪ ತಯಾರಾಗಿ ಬಂದು, "ಆಕಿ ಎಲ್ಲಿ?" ಎಂದರು.

"ಮಲಗ್ಯಾಳ. ನಡೀರಿ, ನಾ ಬರ್ತೀನಿ."

"ನೀನಾ? ಜಿಮ್ಮಿಗೆ?"

ನಾನು ಆಗಲೇ ಮೆಟ್ಟಿಲು ಇಳಿಯುತ್ತಿದ್ದೆ. ಎರಡೇ ಬೀದಿಯಾದರೂ ಅವರ ಮೊಣಕಾಲು ನೆನೆದು ತಂಗಿಯ ಸ್ಕೂಟರ್ ಹೊರಗೆ ತೆಗೆದು, ಅಪ್ಪ ಹಿಂದೆ ಕೂರುವವರೆಗೆ ಕಾದು, ಹೊರಟೆ.