ಸೂಜಿ ಹೇಳಿದ ಉಳಿದರ್ಧ

ಆ ಬೀದಿಯಲ್ಲಿ ಮಾತಿಗೆ ಬರಗಾಲ ಇದ್ದದ್ದು ಒಂದೇ ಅಂಗಡಿಯಲ್ಲಿ. ಅದು ಸೂಜಿಯದು. ಅಪ್ಪ ಅಮ್ಮ ಇಟ್ಟ ಚಂದದ ಹೆಸರೊಂದು ಅವಳಿಗಿತ್ತು, ಆದರೆ ಆ ಹೆಸರಿನಿಂದ ಬ್ಯಾಂಕಿನವರು ಬಿಟ್ಟರೆ ಯಾರೂ ಕರೆಯುತ್ತಿರಲಿಲ್ಲ. ಮೈಯೂ ಸೂಜಿಯ ಹಾಗೆ, ಹಿಡಿದದ್ದೂ ಸೂಜಿ. ಬೀದಿಯವರಿಗೆ ಅಷ್ಟು ಸಾಕಾಯಿತು.

ಹೊಸ ಬಟ್ಟೆ ಹೊಲಿಯುವವಳಲ್ಲ ಅವಳು. ಬೇರೆಯವರು ಹೊಲಿದು ಕೆಡಿಸಿದ್ದನ್ನು, ಉಟ್ಟವರು ದಪ್ಪಗಾಗಿಯೋ ಸಣ್ಣಗಾಗಿಯೋ ಕೆಡಿಸಿಕೊಂಡದ್ದನ್ನು ಸರಿಮಾಡುವವಳು. ಗಿರಾಕಿ ಪ್ಯಾಂಟು ಹಿಡಿದು ಬಂದು, ಹೊಟ್ಟೆ ಹೇಗೆ ಬಂತು, ಡಾಕ್ಟರು ಏನಂದರು, ಹೆಂಡತಿ ಏನಂದಳು ಎಂದು ಪುರಾಣ ಬಿಚ್ಚುತ್ತಿದ್ದರೆ, ಸೂಜಿ ಪ್ಯಾಂಟನ್ನು ಒಳಮಗ್ಗುಲು ಮಾಡಿ ಹೊಲಿಗೆಯ ಒಳಗೆ ಮಡಚಿಟ್ಟ ಬಟ್ಟೆ ಎಷ್ಟಿದೆ ಎಂದು ಬೆರಳಲ್ಲಿ ನೋಡುತ್ತಿದ್ದಳು. ಇದ್ದರೆ "ಶುಕ್ರವಾರ ಬನ್ನಿ" ಎನ್ನುವಳು. ಇಲ್ಲದಿದ್ದರೆ "ಆಗಲ್ಲ" ಎನ್ನುವಳು. ಬೇರೆ ತುಂಡು ಸೇರಿಸಿ ಕೊಡಿ ಎಂದು ಯಾರಾದರೂ ಗೋಗರೆದರೆ ಮಾತ್ರ ಅವಳ ಬಾಯಿಂದ ಉದ್ದನೆಯ ವಾಕ್ಯವೊಂದು ಬರುತ್ತಿತ್ತು: "ಹೊರಗಿನ ತುಂಡು ಹಾಕಲ್ಲ ನಾನು, ಒಳಗಿರೋದ್ರಲ್ಲೇ ಆಗ್ಬೇಕು." ಅಂದಿನ ಮಾತಿನ ಕೋಟಾ ಅಲ್ಲಿಗೆ ಮುಗಿಯಿತು.

ಅಹಂಕಾರ ಅಂತ ತಿಳಿದವರೂ ಇದ್ದರು. ಪಾಪ, ಹಾಗೇನಿಲ್ಲ. ಅಂಗಡಿಯ ಮೇಲಿನ ಮನೆಯಲ್ಲಿ ಅಣ್ಣ, ಅತ್ತಿಗೆ, ಅವರ ಮಕ್ಕಳು, ಎಲ್ಲರೂ ಮಾತಿನ ಮಲ್ಲರು. ಸೂಜಿಯ ಸರದಿ ಬರುವಷ್ಟರಲ್ಲಿ ಊಟ ಮುಗಿದು ತಟ್ಟೆ ತೊಳೆದಿಟ್ಟಿರುತ್ತಿದ್ದರು. ಚಿಕ್ಕಂದಿನಿಂದ ಹಾಗೇ ಬೆಳೆದವಳಿಗೆ, ನನ್ನ ಮಾತಿಗೆ ಯಾರು ಕಾಯುತ್ತಾರೆ ಎನ್ನುವುದು ಅಭ್ಯಾಸವಾಗಿಹೋಗಿತ್ತು.

ಇಂಥವಳಿಗೆ ದೇವರು ಕೊಟ್ಟ ಗೆಳತಿಯರನ್ನು ನೋಡಬೇಕು. ಒಬ್ಬಳು ಬನ್ನಕ್ಕ, ಎದುರುಗಡೆ ಬೇಕರಿಯವಳು. ಕೆಂಪಗೆ, ಗುಂಡಗೆ, ಅವಳ ಬನ್ನಿನ ಹಾಗೇ. ಅವಳು ನಕ್ಕರೆ ಗಾಜಿನ ಡಬ್ಬಿಯೊಳಗಿನ ಬಿಸ್ಕತ್ತುಗಳು ಅಲುಗಾಡುತ್ತವೆ ಎಂದು ಬೀದಿಯ ಮಾತು. ಇನ್ನೊಬ್ಬಳು ಪೋಸ್ಟಕ್ಕ, ಕಾಗದ ಹಂಚುವವಳು. ಸೈಕಲ್ಲಿನ ಹಾಗೆ ನೆಟ್ಟಗೆ, ನೇರ ಮಾತಿನವಳು. ಸಂಜೆ ನಾಲ್ಕಕ್ಕೆ ಇಬ್ಬರೂ ಸೂಜಿಯ ಅಂಗಡಿಗೆ ಬಂದು ಕೂರಬೇಕು. ಬನ್ನಕ್ಕ ಬಟ್ಟೆಗಂಟಿನ ಮೇಲೆ, ಪೋಸ್ಟಕ್ಕ ಹೊಸಿಲ ಮೇಲೆ, ಕಾಲು ಬೀದಿಗೆ ಚಾಚಿಕೊಂಡು.

"ನಿಮ್ದೂ ಒಂದು ದಿನಾನೇನ್ರೇ?" ಎಂದು ಬನ್ನಕ್ಕ ಶುರುಮಾಡುತ್ತಿದ್ದಳು. "ನೀವು ಗೊರಕೆ ಹೊಡೀತಿರೋವಾಗ್ಲೇ ನನ್ನದು ಅರ್ಧ ಮುಗಿದಿರುತ್ತೆ. ಕೋಳಿ ಮಗ್ಗುಲು ಬದಲಾಯಿಸೋ ಹೊತ್ತಿಗೆ ನಾನು ಹಿಟ್ಟು ನಾದ್ತಿರ್ತೀನಿ."

"ಯಾರು ಏಳು ಅಂದ್ರು?" ಎನ್ನುವಳು ಪೋಸ್ಟಕ್ಕ. "ನಮ್ಮನೇಲಿ ನನ್ನ ಗಂಡನೇ ಎದ್ದು ಟೀ ಮಾಡ್ತಾನೆ. ನಾನು ಆರಾಮಾಗಿ ಕೂತು ಪೇಪರಲ್ಲಿ ಕುಸ್ತಿ ಸುದ್ದಿ ಓದ್ತೀನಿ."

"ಥೂ, ನಿನ್ನ ಕುಸ್ತಿಗಿಷ್ಟು! ಚಡ್ಡಿ ಹಾಕ್ಕೊಂಡು ಗಂಡಸರು ತಬ್ಬಿಕೊಳ್ಳೋದನ್ನ ಏನು ನೋಡ್ತೀಯೇ?"

"ನಿನ್ನ ಸಿನಿಮಾದಲ್ಲಿ ಮತ್ತೇನು ಮಾಡ್ತಾರೆ? ಚಡ್ಡಿ ಬದಲು ಪ್ಯಾಂಟು, ಅಷ್ಟೇ. ನಮ್ಮದ್ರಲ್ಲಿ ಯಾರು ಗೆದ್ರು ಅನ್ನೋದಾದ್ರೂ ಗೊತ್ತಾಗುತ್ತೆ. ಅಲ್ವೇನೇ ಸೂಜಿ?"

ಸೂಜಿ ದಾರ ಕಚ್ಚಿ ತುಂಡುಮಾಡಿ "ಹ್ಞೂಂ" ಎನ್ನುವಳು. ಯಾರ ಕಡೆಗೆ ಹ್ಞೂಂ ಎಂಬುದು ಇಬ್ಬರಿಗೂ ತಿಳಿಯುತ್ತಿರಲಿಲ್ಲ, ಆದ್ದರಿಂದ ಇಬ್ಬರೂ ಗೆದ್ದಂತೆ ಬೀಗುವರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಆ ಜೋಡಿಗೆ ಸೂಜಿಯೇ ನೊಗ.

ಬನ್ನಕ್ಕನ ಪ್ರಾಣ ಇದ್ದದ್ದು ಸಿನಿಮಾದಲ್ಲಿ. ಭಾನುವಾರ ಮಧ್ಯಾಹ್ನ ಬೇಕರಿಗೆ ಬೀಗ ಬಿದ್ದ ಕೂಡಲೇ ಸೂಜಿಯ ಕೈ ಹಿಡಿದೆಳೆದುಕೊಂಡು ಟಾಕೀಸಿಗೆ ಹೊರಡುತ್ತಿದ್ದಳು. ಆದರೆ ಕೋಳಿಗಿಂತ ಮುಂಚೆ ಏಳುವವಳ ಕಣ್ಣು ಎಷ್ಟು ಹೊತ್ತು ತಡೆದೀತು? ಇಂಟರ್‌ವಲ್ ತನಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವಳು. ಇಂಟರ್‌ವಲ್‌ನಲ್ಲಿ ಒಂದು ಟೀ ಕುಡಿಯುವಳು. ದೀಪ ಆರಿದ್ದೇ ತಡ, ತಲೆ ಸೂಜಿಯ ಹೆಗಲ ಮೇಲೆ. ಪರದೆಯ ಮೇಲೆ ಗುಂಡು ಹಾರಲಿ, ಗುಡುಗು ಹೊಡೆಯಲಿ, ಬನ್ನಕ್ಕ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ಆಟ ಮುಗಿದು ಹೊರಗೆ ಬಂದಮೇಲೆ, "ಆಮೇಲೆ ಏನಾಯ್ತೇ?" ಎಂದು ಶುರು.

ಆಗ ಸೂಜಿ ಮಾತಾಡುತ್ತಿದ್ದಳು. ಟಾಕೀಸಿನಿಂದ ಬೀದಿಯ ತನಕ, ಕಾಲುವೆಯ ಪಕ್ಕದ ದಾರಿಯುದ್ದಕ್ಕೂ, ವಾರವಿಡೀ ಹಿಡಿದಿಟ್ಟ ಮಾತೆಲ್ಲ ಹರಿದುಬರುತ್ತಿತ್ತು. ನಾಯಕಿಯ ಹಾಗೆ ಕಣ್ಣು ಅರಳಿಸುವಳು, ಖಳನ ಹಾಗೆ ಗಂಟಲು ಬದಲಿಸುವಳು. ಬನ್ನಕ್ಕ ಬಾಯಿ ತೆರೆದುಕೊಂಡು ಕೇಳುವಳು, ನಡುವೆ ಒಂದೂ ಮಾತಾಡದೆ. ಅದೊಂದು ದಾರಿಯಲ್ಲಿ ಇಬ್ಬರ ಸ್ವಭಾವವೂ ಅದಲುಬದಲು. ಸೂಜಿಗೆ ವಾರ ಎಂದರೆ ಆ ದಾರಿ. ಉಳಿದ ದಿನಗಳೆಲ್ಲ ಅದಕ್ಕೆ ಕಾಯುವುದು.

ಇದರಲ್ಲಿ ಒಂದು ಗುಟ್ಟಿತ್ತು. ಬಹಳ ಹಿಂದೆ ದೋಣಿಯವನ ಸಿನಿಮಾ ಒಂದು ಬಂದಿತ್ತು. ದೋಣಿ ನಡೆಸುವ ಬಡವ, ದಿನಾ ಆಚೆ ದಡಕ್ಕೆ ಹೋಗುವ ಟೀಚರಮ್ಮ. ಅವಳು ಮರೆತು ಬಿಟ್ಟುಹೋದ ಹಳದಿ ಛತ್ರಿಯನ್ನು ಅವನು ಜೋಪಾನ ಮಾಡಿಟ್ಟಿರುತ್ತಾನೆ. ಪ್ರವಾಹ ಬಂದು ಅವನು ಜನರನ್ನು ಕಾಪಾಡಲು ದೋಣಿ ಇಳಿಸುತ್ತಾನೆ, ಇಂಟರ್‌ವಲ್. ಬನ್ನಕ್ಕ ಮಲಗಿದಳು. ದೋಣಿಯವನು ಮುಳುಗಿ ಸತ್ತ. ಟೀಚರಮ್ಮ ದಡದಲ್ಲಿ ನಿಂತು ಅತ್ತಳು. ಟಾಕೀಸಿಗೆ ಟಾಕೀಸೇ ಅತ್ತಿತು.

"ಆಮೇಲೆ ಏನಾಯ್ತೇ?" ಎಂದು ಬನ್ನಕ್ಕ ಕೇಳಿದಾಗ ಸೂಜಿ ಅವಳ ಮುಖ ನೋಡಿದಳು. ನಿದ್ದೆಯಿಂದ ಎದ್ದು ಹೊಳೆಯುತ್ತಿದ್ದ ಮುಖ. ಸತ್ತ ಎನ್ನಲು ಅವಳಿಗೆ ಬಾಯೇ ಬರಲಿಲ್ಲ. ದೋಣಿಯವನು ಆಚೆ ದಡ ಸೇರಿದ, ಕತ್ತಲಲ್ಲಿ ಯಾರಿಗೂ ಕಾಣಿಸಲಿಲ್ಲ, ಬೆಳಗಾದಾಗ ಹಳದಿ ಛತ್ರಿ ಬಿಚ್ಚಿ ಬೀಸಿದ, ಟೀಚರಮ್ಮ ಈಚೆ ದಡದಿಂದ ನೋಡಿದಳು ಎಂದಳು. ಬನ್ನಕ್ಕ ಚಪ್ಪಾಳೆ ತಟ್ಟಿದಳು, ನಡುಬೀದಿಯಲ್ಲಿ.

ಅಂದಿನಿಂದ ಅಳಿಸುವ ಸಿನಿಮಾಗಳೆಲ್ಲ ಆ ದಾರಿಯಲ್ಲಿ ಆಲ್ಟರೇಷನ್ ಆದವು. ಇಲ್ಲೂ ಸೂಜಿಯ ನೇಮ ಅದೇ: ಹೊರಗಿನ ತುಂಡು ಹಾಕುತ್ತಿರಲಿಲ್ಲ. ಇಂಟರ್‌ವಲ್‌ಗೆ ಮುಂಚೆ ಕಂಡ ನಾಯಿಯೋ, ಬೀಗದಕೈಯೋ, ತಿಕ್ಕಲು ಮಾವನೋ ಬಂದು ಕಥೆಯನ್ನು ದಡ ಮುಟ್ಟಿಸಬೇಕು. ಬನ್ನಕ್ಕ ಸೋಮವಾರ ಬೆಳಿಗ್ಗೆ ಬ್ರೆಡ್ ಕೊಳ್ಳಲು ಬಂದವರಿಗೆಲ್ಲ ಆ ಕಥೆ ಹಂಚುತ್ತಿದ್ದಳು. ಸಿನಿಮಾ ಎಂದಮೇಲೆ ಒಳ್ಳೆಯದೇ ಆಗುವುದು ಎಂದು ಅವಳು ದೃಢವಾಗಿ ನಂಬಿದ್ದಳು.

ಹೀಗಿರುವಾಗ ಒಂದು ಸಂಜೆ ಬನ್ನಕ್ಕ ಕುಣಿಯುತ್ತಾ ಬಂದಳು. ಬಟ್ಟೆಗಂಟು ನಿಟ್ಟುಸಿರು ಬಿಡುವ ಹಾಗೆ ಕೂತಳು.

"ಕೇಳ್ರೇ! ಈ ವಾರದಿಂದ ನನ್ನ ಮಗನೇ ಬೆಳಗಿನ ಹಿಟ್ಟು ನೋಡ್ಕೋತಾನಂತೆ. ಅಮ್ಮಾ, ನೀನು ಬೆಳಕು ಹರಿದ್ಮೇಲೆ ಎದ್ರೆ ಸಾಕು ಅಂದ. ಇನ್ಮೇಲೆ ನಾನೂ ಮನುಷ್ಯರ ಹಾಗೆ ಮಲಗ್ತೀನಿ!"

"ನಿನ್ನ ಮಗ ನೂರು ಕಾಲ ಬಾಳ್ಲಿ," ಎಂದಳು ಪೋಸ್ಟಕ್ಕ.

"ಅಷ್ಟೇ ಅಲ್ಲ. ಭಾನುವಾರ ಯಾವ ಸಿನಿಮಾ ಗೊತ್ತಾ? ನಮ್ಮ ದೋಣಿಯವನದು! ಹಳೇ ಸಿನಿಮಾಗಳನ್ನ ಮತ್ತೆ ಹಾಕ್ತಿದ್ದಾರೆ. ಈ ಸಲ ಪೂರ್ತಿ ನೋಡ್ತೀನಿ ಕಣೆ. ಆ ಛತ್ರಿ ಬೀಸೋದನ್ನ ಕಣ್ಣಾರೆ ನೋಡ್ಬೇಕು ನಾನು."

ಸೂಜಿ ಬೆರಳಿಗೆ ಚುಚ್ಚಿಕೊಂಡಳು. ಇಷ್ಟು ವರ್ಷದಲ್ಲಿ ಅದು ಆದದ್ದೇ ಇಲ್ಲ.

ಬನ್ನಕ್ಕ ಹೋದಮೇಲೆ ಪೋಸ್ಟಕ್ಕ ಹೊಸಿಲು ಬಿಟ್ಟು ಏಳಲಿಲ್ಲ. "ನಾನೂ ನೋಡಿದ್ದೀನಿ ಆ ಸಿನಿಮಾ," ಎಂದಳು ಮೆಲ್ಲಗೆ. "ಗಂಡ ಬಲವಂತ ಮಾಡಿ ಕರ್ಕೊಂಡು ಹೋಗಿದ್ದ. ದೋಣಿಯವನು ಸಾಯ್ತಾನೆ."

ಸೂಜಿ ತಲೆ ತಗ್ಗಿಸಿದಳು. "ನಿಂಗೆ ಆಗ್ಲೇ ಗೊತ್ತಿತ್ತಾ?"

"ಮತ್ತೆ? ಅವಳು ಬೇಕರೀಲಿ ನಿಂತು ಛತ್ರಿ ಛತ್ರಿ ಅಂತಿದ್ರೆ ನಾನು ಬನ್ನು ಬಾಯಿಗೆ ತುರುಕಿಕೊಂಡು ಸುಮ್ಮನಿದ್ದೆ. ಈಗ್ಲೇ ಹೇಳಿಬಿಡು ಮಾರಾಯ್ತಿ. ಅಲ್ಲಿ ಹೋಗಿ ಅವಳಿಗೆ ಎದೆ ಒಡೆಯೋದಕ್ಕಿಂತ ಇದು ವಾಸಿ."

ಹೇಳುವುದು ಸುಲಭವೇ? ಸುಳ್ಳುಗಾತಿ ಅನ್ನಿಸಿಕೊಳ್ಳುವುದು ಒಂದು ಕಡೆ ಇರಲಿ. ಬನ್ನಕ್ಕನಿಗೆ ಇನ್ನು ನಿದ್ದೆಯೇ ಬರದಿದ್ದರೆ "ಆಮೇಲೆ ಏನಾಯ್ತೇ" ಎಂದು ಕೇಳುವವರು ಯಾರು? ಸೂಜಿ ಹೆದರಿದ್ದು ಅದಕ್ಕೆ. ಲೋಕದಲ್ಲಿ ಅವಳ ಮಾತಿಗೆ ಕಾದವಳು ಒಬ್ಬಳೇ, ಅವಳ ಕಣ್ಣು ಈಗ ತೆರೆದುಕೊಳ್ಳುತ್ತಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ವಾರವೆಲ್ಲ ಸೂಜಿಯದು ಅದೇ ಪಾಡು. ಯಾರೋ ಛತ್ರಿ ರಿಪೇರಿ ಮಾಡುತ್ತೀರಾ ಎಂದು ಕೇಳಿದರೆ ಬೆಚ್ಚಿಬಿದ್ದಳು. ಒಬ್ಬ ದೊಡ್ಡ ಮನುಷ್ಯರ ಪ್ಯಾಂಟನ್ನು ಸಡಿಲ ಮಾಡುವ ಬದಲು ಬಿಗಿ ಮಾಡಿಟ್ಟಳು. ಅವರು ಹಾಕಿಕೊಂಡು ನೋಡಿ, ಉಸಿರು ಹಿಡಿದು ನಿಂತರು. ಬನ್ನಕ್ಕನಿಗೆ ಮಾತ್ರ "ಸೀಟು ಮುರಿದಿದ್ಯಂತೆ," "ಸೆಕೆ ಜಾಸ್ತಿಯಂತೆ," ಎಂದು ಏನೇನೋ ಹೇಳಿ ನೋಡಿದಳು. ಬನ್ನಕ್ಕ "ನಿಂತ್ಕೊಂಡೇ ನೋಡ್ತೀನಿ ಹೋಗೆ!" ಎಂದಳು.

ಭಾನುವಾರ ಬಂದೇಬಿಟ್ಟಿತು. ವಾರವಿಡೀ ಚೆನ್ನಾಗಿ ನಿದ್ದೆ ಮಾಡಿದ ಬನ್ನಕ್ಕ ಮದುವೆ ಹೆಣ್ಣಿನಂತೆ ಮಿಂಚುತ್ತಿದ್ದಳು. ಇಂಟರ್‌ವಲ್‌ನಲ್ಲಿ ಟೀ ಕುಡಿದಳು. ದೀಪ ಆರಿತು. ಸೂಜಿ ಅಭ್ಯಾಸದಂತೆ ಹೆಗಲು ಒಡ್ಡಿಕೊಂಡು ಕೂತಳು. ಭಾರ ಬೀಳಲಿಲ್ಲ. ಓರೆಗಣ್ಣಲ್ಲಿ ನೋಡಿದರೆ ಬನ್ನಕ್ಕ ಮುಂದಕ್ಕೆ ಬಾಗಿ, ಎದುರಿನ ಕುರ್ಚಿ ಹಿಡಿದುಕೊಂಡು, ಪರದೆಯನ್ನೇ ನುಂಗುವಂತೆ ನೋಡುತ್ತಿದ್ದಳು. ದೋಣಿ ಮಗುಚಿತು. ಟೀಚರಮ್ಮ ಅತ್ತಳು. ಬೆಳಗಾಯಿತು, ನದಿ ಖಾಲಿ. ಪರದೆ ಕಪ್ಪಾಯಿತು. ಬನ್ನಕ್ಕ ಕೂತೇ ಇದ್ದಳು, ಇನ್ನೂ ಏನೋ ಬರಲಿಕ್ಕಿದೆ ಎನ್ನುವ ಹಾಗೆ.

ಹೊರಗೆ ಬಂದು ಕಾಲುವೆಯ ದಾರಿ ಹಿಡಿದರೂ ಅವಳು ತುಟಿ ಬಿಚ್ಚಲಿಲ್ಲ. ಕಥೆ ಕೇಳುವಾಗ ಬಿಟ್ಟರೆ ಬನ್ನಕ್ಕ ಸುಮ್ಮನಿದ್ದದ್ದನ್ನು ಸೂಜಿ ಎಂದೂ ನೋಡಿರಲಿಲ್ಲ. ಕಾಲುವೆ ದಾಟುವ ಕಾಲುಸಂಕದ ಹತ್ತಿರ ಅವಳು ತಟ್ಟನೆ ನಿಂತಳು.

"ಛತ್ರಿ ಎಲ್ಲಿಗೆ ಹೋಯ್ತೇ?"

"ಅದು... ಸಿನಿಮಾದಲ್ಲಿ ಇಲ್ಲ. ನಾನೇ..."

"ಅದೇ ಕೇಳ್ತಿರೋದು! ಅಷ್ಟು ಹೊತ್ತು ಆ ಛತ್ರೀನ ತೋರಿಸಿ ತೋರಿಸಿ, ಆಮೇಲೆ ಮರೆತೇಬಿಟ್ರಲ್ಲ, ಬುದ್ಧಿಗೇಡಿಗಳು! ಇಷ್ಟು ದುಡ್ಡು ಸುರಿದು ಸಿನಿಮಾ ಮಾಡ್ದೋರಿಗೆ ಅಷ್ಟೂ ಜ್ಞಾಪಕ ಇರಲ್ವಾ? ನಿಂಗಿತ್ತಲ್ಲ!" ಬನ್ನಕ್ಕನ ಮೂಗು ಕೆಂಪಾಗಿತ್ತು, ಅತ್ತಿದ್ದಳು ಎನ್ನುವುದರಲ್ಲಿ ಸಂಶಯವಿಲ್ಲ. ಮೂಗು ಒರೆಸಿಕೊಂಡು ಕೇಳಿದಳು, "ಎಲ್ಲಾ ಸಿನಿಮಾನೂ ಹೀಗೇನಾ?"

"ಅಳಿಸೋವು ಮಾತ್ರ."

"ಯಾಕೆ ಮಾಡಿದೆ?"

"ಬೆಳಗಾಗೋಕೆ ಮುಂಚೆ ಎದ್ದು ಊರಿಗೆಲ್ಲ ಬ್ರೆಡ್ ಮಾಡೋಳು ನೀನು. ಅಳ್ತಾ ಹಿಟ್ಟು ನಾದ್ತೀಯಲ್ಲ ಅನ್ನಿಸ್ತು. ಆಮೇಲಾಮೇಲೆ ನನಗೇ ಬೇಕಾಯ್ತು. ನಾನು ಮಾತಾಡಿದ್ರೆ ಕೇಳೋಳು ನೀನೊಬ್ಳೇ. ಇನ್ನು ನೀನು ಮಲಗಲ್ಲ."

ಬನ್ನಕ್ಕ ಅವಳನ್ನೇ ನೋಡಿದಳು. ಆಮೇಲೆ ಹೊಟ್ಟೆಯ ಆಳದಿಂದ ನಗು ಎದ್ದಿತು. ನಕ್ಕೂ ನಕ್ಕೂ ಸಂಕದ ಕಟ್ಟೆಯ ಮೇಲೆ ಕೂತಳು. "ಅಯ್ಯೋ ಪೆದ್ದಿ! ಸಿನಿಮಾ ನೋಡೋಕೆ ಯಾರೇ ಬರ್ತಿದ್ರು? ಕಣ್ಣು ಮುಚ್ಚಿದ್ರೆ ಸಾಕು, ಎದ್ದಾಗ ನಿನ್ನ ಕಥೆ ಸಿಗುತ್ತಲ್ಲ ಅಂತ ಬರ್ತಿದ್ದೆ!" ಸೂಜಿ ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದಳು.

ಮುಂದಿನ ಭಾನುವಾರ ಪೋಸ್ಟಕ್ಕನೂ ಜೊತೆಗೆ ಹೊರಟಳು, ಕುಸ್ತಿ ಬಿಟ್ಟು. ಇಂಟರ್‌ವಲ್ ಗಂಟೆ ಹೊಡೆಯಿತು. ಮೂವರೂ ಟೀ ಕುಡಿದರು. ಒಳಗೆ ದೀಪ ಆರುವಷ್ಟರಲ್ಲಿ ಬನ್ನಕ್ಕ ಇಬ್ಬರ ಕೈ ಹಿಡಿದು ಹೊರಬಾಗಿಲ ಕಡೆಗೆ ನಡೆದಳು. ಟಿಕೆಟ್ ಹರಿಯುವ ಮುದುಕಪ್ಪ ಗಾಬರಿಯಾಗಿ ಅಡ್ಡ ಬಂದ.

"ಎಲ್ಲಿಗಮ್ಮಾ? ಇನ್ನೂ ಅರ್ಧ ಇದೆ!"

"ಅದು ನಮ್ಮ ಹತ್ರ ಇದೆ ಬಿಡಣ್ಣ," ಎಂದಳು ಬನ್ನಕ್ಕ.

ಕಾಲುವೆಯ ದಾರಿಯಲ್ಲಿ ಬಿಸಿಲು ಇನ್ನೂ ಚೆನ್ನಾಗಿತ್ತು. ಪೋಸ್ಟಕ್ಕ ಒಂದು ಕಡೆ, ಬನ್ನಕ್ಕ ಒಂದು ಕಡೆ.

"ಆಮೇಲೆ ಏನಾಯ್ತೇ?" ಎಂದು ಇಬ್ಬರೂ ಒಟ್ಟಿಗೆ ಕೇಳಿದರು.

ಸೂಜಿ ಗಂಟಲು ಸರಿಮಾಡಿಕೊಂಡಳು.