ಪರ್ಷಿಯನ್ ವಾರಕ್ಕೊಬ್ಬ ಬೀದರ್ ಪಂಡಿತ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಪರ್ಷಿಯನ್ ಭಾಷೆ ಬರುವುದಿಲ್ಲ. ಆದರೆ ಅಮೆರಿಕದ ಮೌಂಟನ್ ವ್ಯೂನ ನಮ್ಮ ಪುಟ್ಟ ಸಾಫ್ಟ್‌ವೇರ್ ಕಂಪನಿಯಲ್ಲಿ ಮೊನ್ನೆ ಸೋಮವಾರದವರೆಗೂ ನಾನೇ ‘ಪರ್ಷಿಯನ್ ಎಕ್ಸ್‌ಪರ್ಟು’.

ತಪ್ಪು ನನ್ನ ಗಂಟಲಿನದು. ಯಾರ ಮಾತು ಕಿವಿಗೆ ಬಿದ್ದರೂ ಅಣಕಿಸದೆ ಬಿಡುವ ಜಾತಿಯದಲ್ಲ ಅದು. ಇಲ್ಲಿನ ಕನ್ನಡ ಕೂಟದ ಅಧ್ಯಕ್ಷರ ಭಾಷಣವನ್ನು ಅವರ ಶ್ರೀಮತಿಯವರ ಎದುರಿಗೇ ಮಾಡಿ ತೋರಿಸಿದ್ದು, ಅವರು ಕಣ್ಣೊರೆಸಿಕೊಂಡು ‘ಇನ್ನೊಂದ್ಸಲ ಮಾಡಿ’ ಎಂದದ್ದು, ಆಮೇಲೆ ಅಧ್ಯಕ್ಷರು ನನ್ನೊಂದಿಗೆ ಮಾತು ಬಿಟ್ಟದ್ದು ಇಡೀ ಕೂಟಕ್ಕೇ ಗೊತ್ತು.

ಹೀಗೇ ಒಂದು ದಿನ ಆಫೀಸಿನ ಊಟದ ಕೋಣೆಯಲ್ಲಿ ಹಮೀದ್ ಆಗಾ ಅವರನ್ನು ಅಣಕಿಸುತ್ತಿದ್ದೆ. ಸ್ಯಾನ್ ಹೋಸೆಯಲ್ಲಿ ಇರಾನಿ ಗ್ರೋಸರಿ ಇಟ್ಟಿರುವ ಹಿರಿಯರು. ಇರಾನಿನಲ್ಲಿ ಕ್ರಾಂತಿಯಾದ ಮೇಲೆ ಇಲ್ಲಿಗೆ ಬಂದವರು. ಪಿಸ್ತಾ ತೂಗುತ್ತಾ, ಗಿರಾಕಿಯನ್ನು ಬೈಯುತ್ತಾ, ನಡುವೆ ಕರ್ಚೀಫು ತೆಗೆದು ಊರನ್ನು ನೆನೆಯುತ್ತಾ ಅವರು ಆಡುವ ಮಾತಿನ ಏರಿಳಿತ ಇದೆಯಲ್ಲ, ಅದನ್ನು ಒಂದು ಶಬ್ದವೂ ಅರ್ಥವಾಗದೆ ನಾನು ಯಥಾವತ್ತು ಇಳಿಸಿದ್ದೆ. ಎಲ್ಲರೂ ನಗುತ್ತಿದ್ದರು. ನಗದವನೊಬ್ಬ ಬೆನ್ನ ಹಿಂದೆ ನಿಂತಿದ್ದ. ನಮ್ಮ ಬಾಸ್ ರಾನ್.

“ನಿನಗೆ ಪರ್ಷಿಯನ್ ಬರುತ್ತೆ ಅಂತ ಯಾಕೆ ಹೇಳಲಿಲ್ಲ?” ಎಂದ.

‘ಬರಲ್ಲ’ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ನಾನು “ಸ್ವಲ್ಪ” ಎಂದೆ. ಈ ದೇಶದಲ್ಲಿ ಇಂಡಿಯನ್ ಒಬ್ಬ ‘ಸ್ವಲ್ಪ’ ಎಂದರೆ ವಿನಯ ಎಂದುಕೊಳ್ಳುತ್ತಾರೆ. ಅಂದರೆ ಪಿಎಚ್‌ಡಿ ಆಗಿದೆ ಎಂದರ್ಥ.

ಪೂರ್ತಿ ಸುಳ್ಳೂ ಅಲ್ಲ ಬಿಡಿ. ನಾನು ಬೀದರಿನವನು. ಉರ್ದು ಅಕ್ಷರಗಳನ್ನು ಬಾಲ್ಯದಲ್ಲೇ ಕಲಿತಿದ್ದೇನೆ. ಇನ್ನು ತಾರೀಖು, ಜಮೀನು, ಅರ್ಜಿ, ದಫ್ತರು ಎಲ್ಲ ಅವರ ಕಡೆಯಿಂದಲೇ ಬಂದವಲ್ಲವೇ? ಇಷ್ಟರ ಮೇಲೆ ಒಬ್ಬ ಪಂಡಿತನಾಗಲು ಇನ್ನೇನು ಬೇಕು? (ನಮ್ಮ ಕೂಟದಲ್ಲಿ ಇದಕ್ಕಿಂತ ಕಡಿಮೆ ಬಂಡವಾಳದಲ್ಲಿ ಸಂಸ್ಕೃತ ಪಂಡಿತರಾದವರಿದ್ದಾರೆ.)

ನಮ್ಮ ಕಂಪನಿ ಮಾಡುವುದು ಕ್ಲಿನಿಕ್‌ಗಳಿಗೆ ಬೇಕಾದ ಅಪಾಯಿಂಟ್‌ಮೆಂಟ್ ಪ್ರೋಗ್ರಾಮು. ಯಾವ ರೋಗಿ ಯಾವ ದಿನ ಬರಬೇಕು ಎಂದು ಕಂಪ್ಯೂಟರಿನಲ್ಲಿ ಬರೆದಿಟ್ಟರೆ, ಪ್ರಿಂಟರು ಕರ್ರೋ ಎಂದು ಒಂದು ಚೀಟಿ ಕಕ್ಕುತ್ತದೆ. ಈಗ ಇಲ್ಲಿ ಇರಾನಿಗಳು ಬಹಳ ಜನ ಆಗಿದ್ದಾರಲ್ಲ, ಅವರ ಭಾಷೆಯಲ್ಲೂ ಚೀಟಿ ಬರುವಂತೆ ಮಾಡಿದರೆ ಹೇಗೆ ಎಂದು ರಾನ್‌ಗೆ ಹೊಳೆದಿತ್ತು. ಮೊದಲ ಗಿರಾಕಿಯೂ ಸಿದ್ಧ. ಸ್ಯಾನ್ ಹೋಸೆಯ ಬೆರ್ರಿಯೆಸಾದಲ್ಲಿ ಹೊಸದಾಗಿ ಕ್ಲಿನಿಕ್ ತೆರೆದಿದ್ದ ದಂತವೈದ್ಯೆ ಡಾಕ್ಟರ್ ಮಹಿನ್.

ಆಕೆಯ ಕತೆ ಚಿಕ್ಕದು, ಆದರೆ ಹಗುರವಲ್ಲ. ಊರಲ್ಲಿ ಹೆಸರುವಾಸಿ ಡಾಕ್ಟರು. ಇಲ್ಲಿಗೆ ಬಂದಾಗ ಆ ಡಿಗ್ರಿ ನಡೆಯುವುದಿಲ್ಲ ಎಂದರು. ಮಕ್ಕಳ ವಯಸ್ಸಿನವರ ಜೊತೆ ಬೆಂಚಿನ ಮೇಲೆ ಕೂತು ಮತ್ತೆ ಓದಿ, ಮತ್ತೆ ಪರೀಕ್ಷೆ ಬರೆದು ಬೋರ್ಡು ಹಾಕಿದ್ದಾರೆ. ಬರುವವರು ಹೆಚ್ಚಾಗಿ ಇಂಗ್ಲಿಷ್ ಬಾರದ ಇರಾನಿ ಅಜ್ಜ ಅಜ್ಜಿಯರು. ಅವರ ನಂಬಿಕೆಯೇ ಕ್ಲಿನಿಕ್ಕಿನ ಬಾಡಿಗೆ, ದೀಪ, ಊಟ ಎಲ್ಲ. ಅದು ಹೋದರೆ ಬಾಗಿಲು ಮುಚ್ಚಬೇಕು.

“ದೊಡ್ಡ ಕೆಲಸವೇನಲ್ಲ. ಇಂಗ್ಲಿಷ್ ಹೆಸರು ತೆಗಿ, ಅವರ ಹೆಸರು ಹಾಕು. ಮುಗೀತು,” ಎಂದ ರಾನ್. ಜಗತ್ತಿನ ಎಲ್ಲ ಜನರೂ ಅಮೆರಿಕನ್ನರೇ, ಮೇಲೆ ಬೇರೆ ಬೇರೆ ಲೇಬಲ್ ಅಂಟಿಸಿದ್ದಾರೆ ಅಷ್ಟೇ ಎಂಬುದು ಅವನ ತತ್ವಜ್ಞಾನ.

ತಿಂಗಳು, ತಾರೀಖಿನ ಲೆಕ್ಕವನ್ನು ಬರ್ಕ್ಲಿಯ ಇರಾನಿ ವಿದ್ಯಾರ್ಥಿಯೊಬ್ಬ ಮೊದಲೇ ಮಾಡಿಕೊಟ್ಟು ಕೈತೊಳೆದುಕೊಂಡಿದ್ದ. ಸೂರ್ಯನನ್ನು ಹಿಡಿದು ಎಣಿಸುವ ಆ ಕಷ್ಟದ ಲೆಕ್ಕ ಸರಿಯಾಗಿಯೇ ಇತ್ತು. ನನಗೆ ಉಳಿದದ್ದು ಜುಜುಬಿ. ವಾರದ ಏಳು ಹೆಸರು.

ಏಳು! ಮಗುವೂ ಕೆಡಿಸಲಾರದು. ಎಕ್ಸ್‌ಪರ್ಟು ಕೆಡಿಸಿದ.

ನಾನು ಹಮೀದ್ ಆಗಾ ಅವರ ಅಂಗಡಿಗೆ ಹೋಗಿ, “ನಿಮ್ಮ ವಾರದ ಹೆಸರುಗಳನ್ನು ಮೊದಲಿನಿಂದ ಹೇಳಿ” ಎಂದೆ. ಅವರು ತಕ್ಕಡಿ ಬಿಟ್ಟು ಶಾಲೆಯ ಹುಡುಗನ ಹಾಗೆ ಹೇಳಿದರು: ಶಂಬೆ, ಯೆಕ್‌ಶಂಬೆ, ದೋಶಂಬೆ, ಸೆಶಂಬೆ, ಚಹಾರ್‌ಶಂಬೆ, ಪಂಜ್‌ಶಂಬೆ, ಜೊಮೆ.

ನಾವು ಒಂದನೇ ಕ್ಲಾಸಿನಲ್ಲಿ ಏನು ಬಾಯಿಪಾಠ ಮಾಡಿದ್ದೇವೆ? ಭಾನುವಾರ, ಸೋಮವಾರ, ಮಂಗಳವಾರ. ಆದ್ದರಿಂದ ಮೊದಲು ಹೇಳಿದ್ದು ಭಾನುವಾರವೇ ತಾನೇ? ಸಾಲದ್ದಕ್ಕೆ ಶಂಬೆಯ ನಂತರದವು ಒಂದನೇ ಶಂಬೆ, ಎರಡನೇ ಶಂಬೆ ಎಂದು ನಂಬರು ಹಾಕಿಕೊಂಡೇ ಬರುತ್ತವೆ. ನಮ್ಮ ಪ್ರೋಗ್ರಾಮಿನಲ್ಲೂ ಭಾನುವಾರ ಸೊನ್ನೆ, ಸೋಮವಾರ ಒಂದು! ನನಗೆ ರೋಮಾಂಚನ. ನಮ್ಮ ಕಂಪ್ಯೂಟರ್ ಪದ್ಧತಿಯನ್ನು ಇವರು ಆ ಕಾಲದಲ್ಲೇ ಕಂಡುಹಿಡಿದಿದ್ದರಲ್ಲ ಎಂದು ಹಮೀದ್ ಆಗಾ ಅವರ ಕೈಕುಲುಕಿದೆ. ಅವರು ಏನೂ ತಿಳಿಯದೆ ನನಗೆ ಒಂದು ಹಿಡಿ ಪಿಸ್ತಾ ಕೊಟ್ಟರು.

ಏಳನ್ನೂ ಏಳು ಮನೆಯಲ್ಲಿ ಕೂರಿಸಿದೆ. ಕೊನೆಯ ಜೊಮೆ ಹೋಗಿ ಶನಿವಾರದ ಮನೆಯಲ್ಲಿ ಕೂತಿತು.

ಈಗ ನೀವು ಕೇಳುತ್ತೀರಿ: ಅಯ್ಯೋ ಮಹಾರಾಯ, ಜೊಮೆ ಅಂದರೆ ನಮ್ಮ ಜುಮ್ಮಾ, ಶುಕ್ರವಾರ ಅಲ್ಲವೇ? ಬೀದರಿನಲ್ಲಿ ಹುಟ್ಟಿದವನಿಗೆ ಅಷ್ಟೂ ಗೊತ್ತಿಲ್ಲವೇ?

ಗೊತ್ತಿತ್ತು ಸ್ವಾಮಿ. ನೋಡಿದೆ. ಒಂದು ಕ್ಷಣ ಕೈಯೂ ನಿಂತಿತು. ಆದರೆ ಅಷ್ಟರಲ್ಲಿ ನನ್ನ ತಲೆಯೊಳಗಿನ ಕನ್ನಡ ಕೂಟ ಎಚ್ಚರವಾಯಿತು.

ನನ್ನ ರೂಮ್‌ಮೇಟ್ ಕಾಮತ್, ಉಡುಪಿಯವನು, ನಮ್ಮ ಕೂಟದ ಕಾರ್ಯದರ್ಶಿ. ಹಿಂದಿನ ಸಂಜೆಯಷ್ಟೇ ಫೋನಿನ ಮೇಲೆ ಫೋನು ಮಾಡುತ್ತಾ, “ಯುಗಾದಿ ಬರುವ ಶನಿವಾರಕ್ಕೆ ಇಟ್ಟದ್ದು” ಎಂದು ಎಲ್ಲರಿಗೂ ಸಾರುತ್ತಿದ್ದ.

“ಯುಗಾದಿ ಹೋದ ತಿಂಗಳೇ ಆಯ್ತಲ್ಲೋ,” ಎಂದೆ.

“ಅದು ಪಂಚಾಂಗದ್ದು ಮಾರಾಯ. ಇದು ಕೂಟದ್ದು. ಚರ್ಚ್ ಹಾಲ್ ಖಾಲಿ ಇರುವುದು ಆವತ್ತೇ. ನಿನಗೆ ತಿಥಿ ಬೇಕೋ, ಹೋಳಿಗೆ ಬೇಕೋ?”

“ಹೋಳಿಗೆ.”

“ಹಾಗಾದ್ರೆ ಬಾಯಿ ಮುಚ್ಚಿ ಕೂತ್ಕೋ.”

ಇದು ನಮ್ಮ ಧರ್ಮ. ಗಣೇಶ ಇಲ್ಲಿ ಶನಿವಾರ ಹುಟ್ಟುತ್ತಾನೆ. ಕೃಷ್ಣನೂ ಶನಿವಾರವೇ ಹುಟ್ಟುತ್ತಾನೆ, ಪಾರ್ಕಿಂಗ್ ಸಿಕ್ಕಿದರೆ. ದೀಪಾವಳಿ ಹಾಲಿನ ಬಾಡಿಗೆ ನೋಡಿಕೊಂಡು ಬರುತ್ತದೆ. ಬೇವು ಸಿಗದ್ದಕ್ಕೆ ಕಳೆದ ವರ್ಷ ಪಾರ್ಸ್ಲಿ ಸೊಪ್ಪು ಹಂಚಿದರು. ಅದನ್ನು ತಿಂದು ‘ಜೀವನ ಎಂದರೆ ಕಹಿ ಸಿಹಿ’ ಎಂದು ಭಾಷಣ ಮಾಡಿದವರಿದ್ದಾರೆ. (ಪಾರ್ಸ್ಲಿಯಲ್ಲಿ ಕಹಿ ಎಲ್ಲಿದೆ ಎಂದು ಕೇಳಿದ್ದಕ್ಕೆ, ‘ಭಾವನೆ ಮುಖ್ಯ’ ಎಂದರು.)

ಇಂಥ ನೀರು ಕುಡಿದು ಬೆಳೆದ ಬುದ್ಧಿ ಏನೆಂದುಕೊಳ್ಳಬೇಕು? ಶನಿವಾರದ ಮನೆಯಲ್ಲಿ ಜೊಮೆಯನ್ನು ಕಂಡು ನಾನು ತೃಪ್ತಿಯಿಂದ ತಲೆಯಾಡಿಸಿದೆ. ಓಹೋ, ಇವರೂ ಅಮೆರಿಕಕ್ಕೆ ಬಂದಮೇಲೆ ತಮ್ಮ ಶುಕ್ರವಾರವನ್ನು ವೀಕೆಂಡಿಗೆ ಅಡ್ಜಸ್ಟ್ ಮಾಡಿಕೊಂಡಿದ್ದಾರೆ!

ಆಫೀಸಿನಲ್ಲಿ ಡೆಮೋ ಆಯಿತು. ಹಸಿರು ಅಕ್ಷರಗಳು ಬಲದಿಂದ ಎಡಕ್ಕೆ ಸಾಲಾಗಿ ಬಂದವು. ಒಂದಕ್ಷರ ಬಾರದ ಎಂಟು ಜನ ಸುತ್ತ ನಿಂತು, “ಬ್ಯೂಟಿಫುಲ್” ಎಂದರು. “ಬಹಳ ಪರ್ಷಿಯನ್ ಆಗಿದೆ,” ಎಂದು ರಾನ್ ತೀರ್ಪು ಕೊಟ್ಟ. ಒಬ್ಬ ಇರಾನಿಯನ್ನು ಕರೆದು ತೋರಿಸೋಣ ಎಂದು ಯಾರಿಗೂ ಅನಿಸಲಿಲ್ಲ. ಎಕ್ಸ್‌ಪರ್ಟು ಇದ್ದಾನಲ್ಲ!

ಪ್ರೋಗ್ರಾಮು ಕ್ಲಿನಿಕ್ಕಿಗೆ ಹೋಯಿತು. ಡಾಕ್ಟರು ನೋಡುತ್ತಿದ್ದದ್ದು ಇಂಗ್ಲಿಷ್ ಪರದೆ. ಅದು ಸರಿಯಾಗಿತ್ತು. ಪರ್ಷಿಯನ್ ಚೀಟಿ ಹರಿದು ಕೊಡುತ್ತಿದ್ದವಳು ಅದನ್ನು ಓದಲು ಬಾರದ ರಿಸೆಪ್ಷನಿಸ್ಟ್ ಹುಡುಗಿ. ಹೀಗೆ ತಪ್ಪು ಯಾರ ಕಣ್ಣಿಗೂ ಬೀಳದೆ ನೇರವಾಗಿ ರೋಗಿಗಳ ಜೇಬಿಗೆ ಸೇರಿತು.

ಮೊನ್ನೆ ಸೋಮವಾರ ಬೆಳಿಗ್ಗೆ ರಾನ್ ನನ್ನ ಮೇಜಿಗೆ ಬಂದು, “ಹೊರಡು. ಆ ಡೆಂಟಿಸ್ಟ್ ಹತ್ತಿರ ಏನೋ ಕಲ್ಚರಲ್ ಇಷ್ಯೂ ಅಂತೆ,” ಎಂದ. ಈ ಸಾಫ್ಟ್‌ವೇರ್ ಕಣಿವೆಯಲ್ಲಿ ನಮ್ಮ ತಪ್ಪು ಬೇರೆಯವರಿಗೆ ಕಂಡರೆ ಅದಕ್ಕೆ ಕಲ್ಚರಲ್ ಇಷ್ಯೂ ಎಂದು ಹೆಸರು.

ಕ್ಲಿನಿಕ್ಕಿನಲ್ಲಿ ಕೂರಲು ಜಾಗವಿರಲಿಲ್ಲ. ಸೋಮವಾರ ಬರಬೇಕಾದವರ ಚೀಟಿಯಲ್ಲಿ ಭಾನುವಾರ ಎಂದಿತ್ತು. ತಾರೀಖು ಸರಿ ಇತ್ತು ನಿಜ. ಆದರೆ ತಾರೀಖು ನೋಡಿ ಡಾಕ್ಟರ ಹತ್ತಿರ ಹೋಗುವವರು ಯಾರು? ಭಾನುವಾರ ಬಾ ಎಂದರೆ ಭಾನುವಾರ. ಅವರ ಊರಿನಲ್ಲಿ ಅದು ಕೆಲಸದ ದಿನ, ಅನುಮಾನವೂ ಬಂದಿಲ್ಲ. ಮಕ್ಕಳ ಕೈಲಿ ಕಾರು ಓಡಿಸಿಕೊಂಡು, ಕೋಟು ಹಾಕಿಕೊಂಡು ಬಂದು, ಬೀಗ ನೋಡಿ ಹೋಗಿದ್ದರು. ಇವತ್ತು ಬೈಯಲು ಬಂದಿದ್ದರು. ಮಂಗಳವಾರದವರು ಸೋಮವಾರವೆಂದು ನಂಬಿ ಆಗಲೇ ಬಂದು ಕೂತಿದ್ದರು.

ಟೈ ಕಟ್ಟಿದ್ದ ಒಬ್ಬ ಅಜ್ಜ ಎದ್ದು ಬಂದು ನನ್ನ ಮೂಗಿನ ಮುಂದೆ ಚೀಟಿ ಅಲ್ಲಾಡಿಸುತ್ತಾ ಪರ್ಷಿಯನ್‌ನಲ್ಲಿ ಏನೋ ಕೇಳಿದರು. ಎಕ್ಸ್‌ಪರ್ಟು ನಾನೇ ಎಂದು ರಾನ್ ಪರಿಚಯಿಸಿಬಿಟ್ಟಿದ್ದ. ಬಾಯಿ ತೆರೆದೆ. ಬಂದದ್ದು ಹಮೀದ್ ಆಗಾ ಗಿರಾಕಿಗಳಿಗೆ ಹೇಳುವ ಒಂದೇ ಮಾತು, ಅದೇ ರಾಗದಲ್ಲಿ: “ಬೆಫರ್ಮಾಯೀದ್!” ಬನ್ನಿ, ತಗೊಳ್ಳಿ ಎಂದು.

ಅಜ್ಜ ಡಾಕ್ಟರ ಕಡೆ ತಿರುಗಿ ಏನೋ ಅಂದರು. ಡಾಕ್ಟರು ಮುಖ ಬಿಗಿದುಕೊಂಡೇ ಇಂಗ್ಲಿಷಿನಲ್ಲಿ ಹೇಳಿದರು: “ಈತ ಪಿಸ್ತಾ ಮಾರೋನಾ ಅಂತ ಕೇಳ್ತಿದ್ದಾರೆ.”

ಕೂತಿದ್ದವರಲ್ಲಿ ಕೆಲವರು ನಕ್ಕರು. ಮೂಲೆಯಲ್ಲಿದ್ದ ಅಜ್ಜಿ ಮಾತ್ರ ನಗಲಿಲ್ಲ. ಕೈಚೀಲ ಮಡಿಲಲ್ಲಿ ಹಿಡಿದು, ಹೊರಡಲು ಸಿದ್ಧವಾಗಿ, ಗಟ್ಟಿಯಾಗಿ ಒಂದು ಮಾತು ಆಡಿದರು. ಡಾಕ್ಟರ ಕಿವಿ ಕೆಂಪಾದವು.

“ಏನಂದ್ರು?” ಎಂದೆ.

“ಕೊಟ್ಟ ದಿನ ಬಾಗಿಲು ಹಾಕ್ಕೊಂಡು ಹೋಗುವವಳ ಕೈಗೆ ಬಾಯಿ ಕೊಡೋದು ಹೇಗೆ ಅಂತ. ಈಕೆ ಹೋದರೆ ಇವರೆಲ್ಲ ಹಿಂದೆಯೇ ಹೋಗ್ತಾರೆ. ಇವರು ನನ್ನನ್ನ ನಂಬಲಿ ಅಂತ ಎಷ್ಟು ಕಾದಿದ್ದೀನಿ, ಗೊತ್ತಾ ನಿಮಗೆ?”

ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಏಳು ಹೆಸರು, ಅದೂ ತಪ್ಪು ಮನೆಯಲ್ಲಿ.

ಆಕೆ ಬೆರಳು ಮಡಚಿ ತೋರಿಸಿದರು. ಅವರ ವಾರ ಶನಿವಾರ ಶುರು. ಶಂಬೆ ಎಂದರೆ ಶನಿವಾರ. ಜೊಮೆ ಕೊನೆ, ಅದೇ ರಜೆ, ಅದು ಶುಕ್ರವಾರ. “ಜೊಮೆ ಶನಿವಾರ ಅಂತ ನಿಮಗೆ ಹೇಳಿದ್ದು ಯಾರು?”

ನಾನು ನಿಜವನ್ನೇ ಹೇಳಿದೆ. ನಮ್ಮ ಯುಗಾದಿಯ ವಿಷಯ, ಚರ್ಚ್ ಹಾಲಿನ ವಿಷಯ, ಅಡ್ಜಸ್ಟ್‌ಮೆಂಟ್.

“ಅಂದರೆ ಹಾಲ್ ಖಾಲಿ ಇದ್ದಾಗ ನಿಮಗೆ ಹೊಸ ವರ್ಷ ಬರುತ್ತೆ?”

“ಹೌದು.”

“ನಮಗೆ ಸೂರ್ಯ ವಸಂತದ ಬಾಗಿಲಿಗೆ ಬಂದಾಗ ಬರುತ್ತೆ,” ಎಂದರು. ನನ್ನ ಗಂಟಲು ಹುಟ್ಟಿದಂದಿನಿಂದ ಮೊದಲ ಸಲ ಯಾರನ್ನೂ ಅಣಕಿಸಲಿಲ್ಲ.

ಅಲ್ಲಿಗೆ ಬಿಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತು. ರಾನ್ ಗಂಟಲು ಸರಿಮಾಡಿಕೊಂಡ. “ಡಾಕ್ಟರ್, ಪ್ರೋಗ್ರಾಮಿನಲ್ಲಿ ತಪ್ಪೇನಿಲ್ಲ. ಬರೀ ಒಂದು ಆಚೀಚೆ ಆಗಿದೆ. ಈ ದೇಶದಲ್ಲಿ ವಾರ ಭಾನುವಾರವೇ ಶುರುವಾಗೋದು. ನಿಮ್ಮವರೇ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೋಕಾಗಲ್ವಾ?”

ಆಕೆ ಕೊಟ್ಟ ಉತ್ತರ ಒಂದೇ ಉಸಿರಿನದು. ಅದನ್ನೇ ಆಮೇಲೆ ಪರ್ಷಿಯನ್‌ನಲ್ಲಿ ತಿರುಗಿಸಿ ಹೇಳಿದಾಗ ಇಡೀ ಕೋಣೆ ಭೋರೆಂದು ನಕ್ಕಿತು. ಟೈ ಅಜ್ಜ ನನ್ನ ಬೆನ್ನಿಗೇ ಗುದ್ದಿ ನಕ್ಕರು. ಮೂಲೆಯ ಅಜ್ಜಿ ಎದ್ದು, ಬಾಗಿಲ ಕಡೆ ಹೋಗದೆ ನೇರ ಒಳಗೆ ಹೋಗಿ ಕುರ್ಚಿಯ ಮೇಲೆ ಕೂತು ಬಾಯಿ ತೆರೆದರು. ಆ ಸಂಜೆಯೇ ಶಂಬೆ ಶನಿವಾರಕ್ಕೆ ಹೋಗಿ ಸೇರಿತು. ಆಕೆ ಅಂದದ್ದು ಇಷ್ಟೇ:

“ಆಗಲಿ ರಾನ್. ನಿಮಗೆ ಹಲ್ಲುನೋವು ಬಂದಾಗ ಇಲ್ಲಿಗೇ ಬನ್ನಿ, ಪಕ್ಕದ ಹಲ್ಲು ಕಿತ್ತು ಕೊಡ್ತೀನಿ. ಬರೀ ಒಂದು ಆಚೀಚೆ ತಾನೇ?”